ಅಂಕಿತ ಮತ್ತು ಹಕ್ಕುಸ್ವಾಮ್ಯ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಹೊಲಕ್ಕೆ ಪಹಣಿ, ತತ್ವಪದಕ್ಕೆ ಅಂಕಿತ. ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಭಜನೆ ಮೇಳಗಳು ಏಕತಾರಿ ಹಿಡಿದು ಹಾಡುತ್ತ ಬಂದಿವೆ. ಅವರ ಶಿಷ್ಯ ಚನ್ನೂರ ಜಲಾಲಸಾಹೇಬರಂಥವರು ಅದೇ ಹಾದಿಯಲ್ಲಿ ಹೊಸ ಪದ ಕಟ್ಟಿದರು. ಪದ ಯಾರದೆಂದು ಅಂಕಿತ ಸಾರಿತೇ ಹೊರತು ಹಾಡುವವರನ್ನು ತಡೆಯಲಿಲ್ಲ. ಇದು ಈ ನೆಲದ ದೊಡ್ಡತನ. ಒಬ್ಬರು ಬಿತ್ತಿದ ಹೊಲದಲ್ಲಿ ಅದೇ ಹಂಗಾಮಿಗೆ ಮತ್ತೊಬ್ಬರು ಬಿತ್ತಲಾರರು. ಪದವಾದರೋ ಹೆಚ್ಚು ಜನ ಕಲಿತಷ್ಟೂ ಬಾಳುತ್ತದೆ.

1957ರ ಹಕ್ಕುಸ್ವಾಮ್ಯ ಕಾಯ್ದೆ ಕೃತಿಯನ್ನು ಆಸ್ತಿಯ ಹತ್ತಿರಕ್ಕೆ ತಂದಿತು. ಹಕ್ಕನ್ನು ಮಾರಬಹುದು, ಉಯಿಲಿನಲ್ಲಿ ಬರೆದಿಡಬಹುದು. ಆದರೆ ಅದಕ್ಕೆ ಅವಧಿಯುಂಟು: ಲೇಖಕರು ತೀರಿದ ಮೇಲೆ 50 ವರ್ಷ, 1992ರ ತಿದ್ದುಪಡಿಯ ನಂತರ 60. ಹೊಲದ ಒಡೆತನಕ್ಕೆ ಇಂಥ ಗಡುವಿಲ್ಲ.

ಕರ್ನಾಟಕದಲ್ಲಿ ಈ ಕಾಯ್ದೆಯ ಸ್ಪಷ್ಟ ಪರೀಕ್ಷೆ ನಡೆದದ್ದು ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ವಿಷಯದಲ್ಲಿ. ಕಾರಂತರ 1994ರ ಉಯಿಲಿನಿಂದ ಹಕ್ಕು ಮಾಲಿನಿ ಮಲ್ಯ ಅವರಿಗೆ ಬಂತು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಜೊತೆಗಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರಲ್ಲಿ ನ್ಯಾಯಾಲಯ ಅಕಾಡೆಮಿಯ ಮೇಲಿನ ಪ್ರತಿಬಂಧಕಾಜ್ಞೆಯನ್ನು ಉಳಿಸಿಯೂ, ಕಾಯ್ದೆಯ 52ನೇ ಕಲಮಿನ ವಿನಾಯಿತಿಗಳಿಗೆ ಒಳಪಡುವ ಬಳಕೆಯನ್ನು ಅದರಿಂದ ಹೊರಗಿಟ್ಟಿತು. ಕಾರಂತರು ತೀರಿಕೊಂಡದ್ದು 1997ರಲ್ಲಿ. ಈಗಿನ ಕಾಯ್ದೆಯಂತೆ ಈ ಹಕ್ಕು 2057ರ ಕೊನೆಯವರೆಗೆ ಇರುತ್ತದೆ.