ಇಂಗ್ಲಿಷ್ ಓದು: ಬಾಯಿಗೆ ಬಂದದ್ದು ಬುದ್ಧಿಗೆ ತಲುಪಿತೇ?

ಇಂಗ್ಲಿಷ್ ಪಾಠವನ್ನು ಎಲ್ಲಿಯೂ ನಿಲ್ಲದೆ ಗಟ್ಟಿಯಾಗಿ ಓದುವ ಮಗುವಿನ ಬಗ್ಗೆ ಪಾಲಕರಿಗೆ ಹೆಮ್ಮೆ ಸಹಜ. ಆದರೆ 'ಈಗ ಓದಿದ್ದೇನು, ನಿನ್ನ ಮಾತಿನಲ್ಲಿ ಹೇಳು' ಎಂದಾಗ ಅದೇ ಮಗು ಮೌನವಾಗುವುದುಂಟು. ಓದುವ ಸಾಮರ್ಥ್ಯ ಮತ್ತು ಓದಿದ್ದನ್ನು ಗ್ರಹಿಸುವ ಸಾಮರ್ಥ್ಯ ಒಂದೇ ಅಲ್ಲ. ಇವೆರಡರ ನಡುವಿನ ಅಂತರ ಹಲವು ವರ್ಷಗಳ ಕಾಲ ಯಾರ ಗಮನಕ್ಕೂ ಬಾರದೆ ಉಳಿದುಬಿಡಬಹುದು.

ಈ ಅಂತರದ ಬೆಲೆ ತೆರಬೇಕಾಗಿ ಬರುವುದು ತಡವಾಗಿ. 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನ ವಿಭಾಗ ಸೇರುವ ವಿದ್ಯಾರ್ಥಿಗೆ ಭೌತಶಾಸ್ತ್ರ, ಜೀವಶಾಸ್ತ್ರಗಳು ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಅಲ್ಲಿ ಎಡವಿದವನಿಗೆ 'ವಿಜ್ಞಾನ ಬಾರದು' ಎಂಬ ಹಣೆಪಟ್ಟಿ ಅಂಟುತ್ತದೆ. ವಾಸ್ತವದಲ್ಲಿ ಬಾರದಿರುವುದು ವಿಜ್ಞಾನವಲ್ಲ, ಇಂಗ್ಲಿಷ್ ವಾಕ್ಯದ ಅರ್ಥ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಇದೇ ತೊಡಕನ್ನು ಇನ್ನೂ ಚಿಕ್ಕ ವಯಸ್ಸಿನಲ್ಲಿ ಎದುರಿಸುತ್ತಾರೆ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಅದಕ್ಕೂ ಮುನ್ನ ಐದನೇ ತರಗತಿಯಿಂದ ಇಂಗ್ಲಿಷ್ ಕಲಿಕೆ ಆರಂಭವಾಗುತ್ತಿತ್ತು. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳಿಗೂ ಚಾಲನೆ ದೊರೆಯಿತು. ಕಲಿಕೆಯ ವರ್ಷಗಳು ಹೆಚ್ಚಿದಂತೆ ಗ್ರಹಿಕೆಯೂ ಹೆಚ್ಚಿತೇ ಎಂಬುದನ್ನು ಅಳೆಯುವ ಕ್ರಮಕ್ಕೆ ಆದ್ದರಿಂದಲೇ ಮಹತ್ವವಿದೆ.

ಅಂಕ ಬಂತು, ಅರ್ಥ ಬಂತೇ?

ಪಠ್ಯಭಾಗದ ಕೆಳಗೆ ಪ್ರಶ್ನೆಗಳನ್ನು ಕೊಟ್ಟು ಉತ್ತರ ಬರೆಸುವುದು ಶಾಲೆಗಳಲ್ಲಿ ರೂಢಿಯಲ್ಲಿರುವ ಪರೀಕ್ಷೆ. ಇದರ ದೌರ್ಬಲ್ಯವನ್ನು ಅರಿಯಲು ಅರ್ಥವೇ ಇಲ್ಲದ ಒಂದು ಕೃತಕ ವಾಕ್ಯ ಸಾಕು: 'ದ ಗ್ಲಾಂಬ್ ವಾಸ್ ಸ್ಪಿಂಕಿಂಗ್ ಇನ್ ದ ಡ್ರೋಬ್'. 'ವೇರ್ ವಾಸ್ ದ ಗ್ಲಾಂಬ್ ಸ್ಪಿಂಕಿಂಗ್?' ಎಂದು ಕೇಳಿದರೆ, 'ಇನ್ ದ ಡ್ರೋಬ್' ಎಂದು ಯಾರು ಬೇಕಾದರೂ ಸರಿಯಾಗಿ ಉತ್ತರಿಸಬಲ್ಲರು. ಗ್ಲಾಂಬ್ ಪ್ರಾಣಿಯೋ ಪದಾರ್ಥವೋ ಎಂಬುದು ಉತ್ತರಿಸಿದವರಿಗೂ ತಿಳಿದಿರುವುದಿಲ್ಲ.

ಪ್ರಶ್ನೆಯಲ್ಲಿರುವ ಪದಗಳನ್ನು ಪಠ್ಯದಲ್ಲಿ ಹುಡುಕಿ, ಅವುಗಳ ಅಕ್ಕಪಕ್ಕದ ಪದಗಳನ್ನು ನಕಲು ಮಾಡುವ ಈ ಕೌಶಲವನ್ನು ಮಕ್ಕಳು ಬಹುಬೇಗ ಕಲಿಯುತ್ತಾರೆ. ತರಗತಿಯಲ್ಲಿ ಮೊದಲೇ ವಿವರಿಸಿದ ಪಾಠದಿಂದಲೇ ಪ್ರಶ್ನೆ ಬಂದರಂತೂ ಪರೀಕ್ಷೆಗೊಳಗಾಗುವುದು ಗ್ರಹಿಕೆಯಲ್ಲ, ನೆನಪಿನ ಶಕ್ತಿ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಅಭಿಯಾನ, ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಓದಬೇಕೆಂಬ ಗುರಿಯನ್ನು ಇಡುವಾಗ ಎರಡು ಷರತ್ತುಗಳನ್ನು ಸೇರಿಸಿತು: ಪಠ್ಯ ಅಪರಿಚಿತವಾಗಿರಬೇಕು, ಓದು ಅರ್ಥಸಹಿತವಾಗಿರಬೇಕು. ಯಾವುದೇ ಭಾಷೆಯ ಓದಿಗೂ ಅನ್ವಯಿಸಬೇಕಾದ ಷರತ್ತುಗಳಿವು.

ಸಮೀಕ್ಷೆ ತೋರಿಸಿದ ಅಂತರ

'ಪ್ರಥಮ್' ಸಂಸ್ಥೆ 2005ರಿಂದ ಗ್ರಾಮೀಣ ಪ್ರದೇಶಗಳಲ್ಲಿ ನಡೆಸುತ್ತಿರುವ 'ಅಸರ್' ಸಮೀಕ್ಷೆಯಲ್ಲಿ ಮಕ್ಕಳ ಓದನ್ನು ಅವರವರ ಮನೆಗಳಲ್ಲೇ ಪರೀಕ್ಷಿಸಲಾಗುತ್ತದೆ. ಇಂಗ್ಲಿಷ್ ಪರೀಕ್ಷೆ ನಡೆದ ವರ್ಷಗಳಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಸರಳ ಪದ ಮತ್ತು ಸರಳ ವಾಕ್ಯ ಎಂಬ ಕ್ರಮವನ್ನು ಅನುಸರಿಸಲಾಗಿದೆ. ವಾಕ್ಯ ಓದಿದ ಮಗುವನ್ನು ಅದರ ಅರ್ಥವನ್ನೂ ಕೇಳುವುದು ಈ ಸಮೀಕ್ಷೆಯ ವೈಶಿಷ್ಟ್ಯ.

2022ರ ವರದಿಯ ಪ್ರಕಾರ, ದೇಶದ ಗ್ರಾಮೀಣ ಭಾಗದಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲ ಮಕ್ಕಳು ಐದನೇ ತರಗತಿಯಲ್ಲಿ ಶೇ. 24.5, ಎಂಟನೇ ತರಗತಿಯಲ್ಲಿ ಶೇ. 46.7. ಮರುವರ್ಷ 14ರಿಂದ 18 ವರ್ಷ ವಯೋಮಾನದವರ ನಡುವೆ ನಡೆದ ಸಮೀಕ್ಷೆಯಲ್ಲಿ ಶೇ. 57.3 ಮಂದಿ ವಾಕ್ಯಗಳನ್ನು ಓದಿದರು. ಹಾಗೆ ಓದಿದವರಲ್ಲಿ ಅರ್ಥ ಹೇಳಿದವರು ಸುಮಾರು ಮುಕ್ಕಾಲು ಪಾಲು ಮಾತ್ರ. ಅಂದರೆ ನೂರರಲ್ಲಿ ಸುಮಾರು 15 ಮಂದಿ ಓದಬಲ್ಲರು, ಆದರೆ ಓದಿದ್ದೇನೆಂದು ಹೇಳಲಾರರು. ಕೇಳಿದ್ದು ತೀರ ಸರಳವಾದ ವಾಕ್ಯಗಳ ಅರ್ಥವನ್ನು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಓದು ಎಂಬ ಗುಣಾಕಾರ

ಈ ಸಮಸ್ಯೆಗೆ ಸರಳವಾದ ಸೂತ್ರರೂಪ ನೀಡಿದವರು ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್. 1986ರಲ್ಲಿ ಅವರು ಮಂಡಿಸಿದ ವಾದದಂತೆ, ಗ್ರಹಿಕೆಯ ಓದು ಎಂಬುದು ಎರಡು ಸಾಮರ್ಥ್ಯಗಳ ಗುಣಲಬ್ಧ. ಬರಹವನ್ನು ಪದವಾಗಿ ಗುರುತಿಸುವುದು ಒಂದು. ಕಿವಿಗೆ ಬಿದ್ದ ಭಾಷೆಯನ್ನು ಅರ್ಥ ಮಾಡಿಕೊಳ್ಳುವುದು ಇನ್ನೊಂದು. ಇದು ಸಂಕಲನವಲ್ಲ, ಗುಣಾಕಾರ ಎಂಬುದೇ ಮುಖ್ಯ. ಎರಡರಲ್ಲಿ ಒಂದು ಸೊನ್ನೆಯಾದರೆ ಒಟ್ಟು ಫಲವೂ ಸೊನ್ನೆ.

ಇದಕ್ಕೆ ಮೂರನೆಯದಾಗಿ ವಿಷಯಜ್ಞಾನವನ್ನೂ ಪರಿಗಣಿಸಬೇಕಾಗುತ್ತದೆ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆಯನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದುಳಿದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟ ಅರಿಯದವರಿಗಿಂತ ಚೆನ್ನಾಗಿ ಗ್ರಹಿಸಿದ್ದು ಕಂಡುಬಂತು. ಕ್ರಿಕೆಟ್ ವರದಿಯಲ್ಲಿ ಬ್ಯಾಟ್ಸ್‌ಮನ್ 'ಔಟ್ ಫಾರ್ ಎ ಡಕ್' ಎಂದಿದ್ದರೆ ನಮ್ಮ ಮಕ್ಕಳು ಬಾತುಕೋಳಿಯನ್ನು ಹುಡುಕುವುದಿಲ್ಲ. ಅದಕ್ಕೆ ಕಾರಣ ನಿಘಂಟಲ್ಲ, ಆಟದ ಅರಿವು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಮೇಲಿನ ಮೂರು ಅಂಶಗಳನ್ನು ಆಧರಿಸಿ ಪಾಲಕರು ಅಥವಾ ಶಿಕ್ಷಕರು ಕಾಲು ಗಂಟೆಯಲ್ಲಿ ಮಗುವಿನ ತೊಡಕಿನ ಮೂಲವನ್ನು ಸ್ಥೂಲವಾಗಿ ಗುರುತಿಸಬಹುದು. ಮಗು ಹಿಂದೆ ಕಂಡಿರದ, ಅದರ ತರಗತಿಯ ಮಟ್ಟದ, ಸುಮಾರು 100 ಪದಗಳ ಮೂರು ಗದ್ಯಭಾಗಗಳನ್ನು ಆರಿಸಿಕೊಳ್ಳಬೇಕು.

1. ಮೊದಲ ಭಾಗವನ್ನು ಮಗುವೇ ಓದಲಿ. ನಂತರ ಪುಸ್ತಕ ಮುಚ್ಚಿ, ಓದಿದ್ದನ್ನು ಕನ್ನಡದಲ್ಲಿ ಹೇಳಲಿ. ಹೇಳಿದರೆ ತೊಂದರೆಯಿಲ್ಲ, ಪಠ್ಯದ ಮಟ್ಟವನ್ನು ಏರಿಸಬಹುದು.

2. ಹೇಳಲಾಗದಿದ್ದರೆ ಎರಡನೇ ಭಾಗವನ್ನು ಹಿರಿಯರು ನಿಧಾನವಾಗಿ ಇಂಗ್ಲಿಷಿನಲ್ಲೇ ಓದಿ ಕೇಳಿಸಲಿ. ಕೇಳಿದಾಗ ಅರ್ಥವಾಗಿ, ಓದಿದಾಗ ಅರ್ಥವಾಗದಿದ್ದರೆ ತೊಡಕು ಅಕ್ಷರ-ಧ್ವನಿ ಹೊಂದಾಣಿಕೆಯಲ್ಲಿದೆ.

3. ಕೇಳಿದರೂ ಅರ್ಥವಾಗದಿದ್ದರೆ ಮೂರನೇ ಭಾಗದ ಸಾರವನ್ನು ಕನ್ನಡದಲ್ಲಿ ಹೇಳಿ ಪ್ರಶ್ನಿಸಬೇಕು. ಈಗ ಉತ್ತರ ಬಂದರೆ ಕೊರತೆ ಇಂಗ್ಲಿಷ್ ಪದ ಮತ್ತು ವಾಕ್ಯರಚನೆಯದು. ಆಗಲೂ ಬಾರದಿದ್ದರೆ ವಿಷಯವೇ ಮಗುವಿಗೆ ಹೊಸತು, ಇಲ್ಲವೇ ಕೇಳಿದ್ದನ್ನು ಜೋಡಿಸಿಕೊಳ್ಳುವ ಅಭ್ಯಾಸ ಸಾಲದು.

ಉತ್ತರವನ್ನು ಕನ್ನಡದಲ್ಲಿ ಪಡೆಯುವುದೇಕೆ ಎಂಬ ಪ್ರಶ್ನೆ ಸಹಜ. ಇಂಗ್ಲಿಷಿನಲ್ಲೇ ಉತ್ತರ ಬರೆಸಿದರೆ ಗ್ರಹಿಕೆಯ ಜತೆಗೆ ಬರವಣಿಗೆ, ವ್ಯಾಕರಣ, ಕಾಗುಣಿತಗಳೂ ಪರೀಕ್ಷೆಗೊಳಗಾಗುತ್ತವೆ. ಅರ್ಥವಾಗಿಯೂ ಬರೆಯಲಾಗದ ಮಗು ಮತ್ತು ಅರ್ಥವೇ ಆಗದ ಮಗು ಇಬ್ಬರಿಗೂ ಒಂದೇ ಅಂಕ ಬೀಳುತ್ತದೆ. ಇಬ್ಬರಿಗೂ ಬೇಕಾದ ಚಿಕಿತ್ಸೆ ಮಾತ್ರ ಬೇರೆ ಬೇರೆ.

ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅಕ್ಷರ ಗುರುತಿಸಲು ಮಗು ಬಹುಕಾಲ ಕಷ್ಟಪಡುತ್ತಿದ್ದರೆ ಮೊದಲು ಕಣ್ಣು, ಕಿವಿಗಳ ತಪಾಸಣೆಯಾಗಬೇಕು. ನಂತರ ಕಲಿಕಾ ನ್ಯೂನತೆಯ ಬಗ್ಗೆ ತಜ್ಞರ ಸಲಹೆ ಪಡೆಯುವುದು ಒಳಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಪಾಸಣೆಯ ವ್ಯವಸ್ಥೆಯಿದೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗುರುತಿಸಿದೆ.

ಪ್ರಶ್ನೆ ಹೇಗಿರಬೇಕು?

'ಜೋರು ಮಳೆ. ತಂದೆ ಕೊಡೆಯಿಲ್ಲದೆ ಮನೆಗೆ ಬಂದರು. ತಾಯಿ ಓಡಿಹೋಗಿ ಟವೆಲ್ ತಂದರು' ಎಂಬ ಅರ್ಥದ ಗದ್ಯಭಾಗವಿದೆ ಎಂದುಕೊಳ್ಳೋಣ. 'ತಾಯಿ ಏನು ತಂದರು?' ಎಂಬುದು ಪಠ್ಯದಲ್ಲೇ ಉತ್ತರವಿರುವ ಪ್ರಶ್ನೆ. 'ಏಕೆ ತಂದರು?' ಎಂಬುದಕ್ಕೆ ಉತ್ತರ ಸಾಲುಗಳ ನಡುವೆ ಇದೆ. ತಂದೆ ನೆನೆದಿದ್ದರು ಎಂದು ಎಲ್ಲಿಯೂ ಬರೆದಿಲ್ಲ. 'ತಾಯಿಯ ಸ್ವಭಾವ ಎಂಥದ್ದು?' ಎಂಬುದು ಅಭಿಪ್ರಾಯ ಮತ್ತು ಸಮರ್ಥನೆಯನ್ನು ಬೇಡುವ ಪ್ರಶ್ನೆ. ಉತ್ತಮ ಪರೀಕ್ಷೆಯಲ್ಲಿ ಮೂರೂ ಬಗೆಯವು ಇರಬೇಕು. ಪಠ್ಯವನ್ನು ಓದದೆಯೇ ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೈಬಿಡಬೇಕು.

ಇನ್ನೊಂದು ಸುಲಭ ವಿಧಾನ 'ಕ್ಲೋಜ್' ಪರೀಕ್ಷೆ. ಗದ್ಯಭಾಗದ ಪ್ರತಿ ಐದನೇ ಪದವನ್ನು ಅಳಿಸಿ, ಖಾಲಿ ಜಾಗವನ್ನು ವಿದ್ಯಾರ್ಥಿಯಿಂದ ತುಂಬಿಸುವ ಈ ವಿಧಾನವನ್ನು 1953ರಲ್ಲಿ ರೂಪಿಸಿದವರು ವಿಲ್ಸನ್ ಟೇಲರ್. ಬರಹ ಓದುಗರಿಗೆ ಎಷ್ಟು ಸುಲಭವಾಗಿದೆ ಎಂಬುದನ್ನು ಅಳೆಯಲೆಂದು ಪತ್ರಿಕೋದ್ಯಮದ ಸಂಶೋಧನಾ ಪತ್ರಿಕೆಯಲ್ಲಿ ಮೊದಲು ಪ್ರಕಟವಾದ ಈ ತಂತ್ರ ಬಳಿಕ ಭಾಷಾ ಕಲಿಕೆಗೆ ದಾಟಿತು. ಹಿಂದುಮುಂದಿನ ಅರ್ಥ ಹಿಡಿಯದೆ ಇದರಲ್ಲಿ ಹೆಚ್ಚು ಜಾಗಗಳನ್ನು ತುಂಬುವುದು ಕಷ್ಟ.

ಕನ್ನಡದ ಮಕ್ಕಳು ಎಡವುವುದೆಲ್ಲಿ?

ಕನ್ನಡದಲ್ಲಿ ಬರೆದಂತೆ ಓದು. ಇಂಗ್ಲಿಷಿನಲ್ಲಿ ಓ, ಯು, ಜಿ, ಎಚ್ ಎಂಬ ಅದೇ ನಾಲ್ಕು ಅಕ್ಷರಗಳು ದೋ, ಥ್ರೂ, ಟಫ್, ಕಾಫ್ ಎಂಬ ಪದಗಳಲ್ಲಿ ನಾಲ್ಕು ಬಗೆಯಾಗಿ ನುಡಿಯುತ್ತವೆ. ಆದರೆ ಕಾಗುಣಿತದ ಈ ತೊಡಕು ಎಲ್ಲರ ಕಣ್ಣಿಗೂ ಬೀಳುವಂಥದ್ದು. ಅದಕ್ಕಿಂತ ಆಳವಾದವು ಕಣ್ಣಿಗೆ ಬೀಳದ ತೊಡಕುಗಳು.

'ನಿನ್ನೆ ಸಿಕ್ಕ ಹುಡುಗ' ಎನ್ನುವಾಗ ಕನ್ನಡದಲ್ಲಿ ವಿವರಣೆ ಮೊದಲು, ಹುಡುಗ ಆಮೇಲೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು, 'ಹೂ' ಎಂಬ ಕೊಂಡಿಯೊಂದಿಗೆ ವಿವರಣೆ ಆಮೇಲೆ. 'ದ ಬಾಯ್ ಹೂ ಮೆಟ್ ದ ಟೀಚರ್ ಈಸ್ ಮೈ ಕಸಿನ್' ಎಂಬ ವಾಕ್ಯದಲ್ಲಿ ಸೋದರ ಸಂಬಂಧಿ ಯಾರೆಂದು ಕೇಳಿದರೆ, ಹತ್ತಿರವಿರುವ ಪದವನ್ನೇ ಹಿಡಿದು 'ಟೀಚರ್' ಎನ್ನುವ ಮಕ್ಕಳಿದ್ದಾರೆ.

ಎರಡನೆಯದು ಸಂಬಂಧಸೂಚಕ ಪದಗಳು. 'ಬಂದರೂ', 'ಬಾರದಿದ್ದರೆ' ಎಂದು ಕನ್ನಡ ಕ್ರಿಯಾಪದದ ತುದಿಯಲ್ಲೇ ಹೇಳಿಬಿಡುವುದನ್ನು ಇಂಗ್ಲಿಷ್ 'ಆಲ್‌ದೋ', 'ಅನ್‌ಲೆಸ್' ಎಂಬ ಪ್ರತ್ಯೇಕ ಪದಗಳಿಂದ ಹೇಳುತ್ತದೆ. 'ಅನ್‌ಲೆಸ್ ಇಟ್ ರೇನ್ಸ್, ವಿ ವಿಲ್ ಪ್ಲೇ' ಎಂದರೆ ಮಳೆ ಬಾರದಿದ್ದರೆ ಆಡುತ್ತೇವೆ ಎಂದು. 'ಅನ್‌ಲೆಸ್' ಗೊತ್ತಿಲ್ಲದವನಿಗೆ ಮಳೆ ಬಂದಾಗಲೇ ಆಟ! ಉಳಿದೆಲ್ಲ ಪದಗಳು ತಿಳಿದಿದ್ದರೂ ಅರ್ಥ ತಲೆಕೆಳಗಾಗುತ್ತದೆ.

ಮೂರನೆಯದು ಪದಪುಂಜಗಳು. 'ಪುಟ್' ಎಂದರೆ ಇಡು ಎಂದು ಕಲಿತ ಮಗುವಿಗೆ 'ಪುಟ್ ಆಫ್' ಎಂದರೆ ಮುಂದೂಡು, 'ಪುಟ್ ಔಟ್' ಎಂದರೆ ಆರಿಸು, 'ಪುಟ್ ಅಪ್ ವಿತ್' ಎಂದರೆ ಸಹಿಸು ಎಂಬುದು ಊಹೆಗೆ ನಿಲುಕದು. ಇಂಥವನ್ನು ಇಡಿಯಾಗಿಯೇ ಕಲಿಯಬೇಕು.

ಸುಧಾರಣೆಯ ದಾರಿಗಳು

ತಕ್ಕ ಮಟ್ಟದ ಪುಸ್ತಕದ ಆಯ್ಕೆ ಮೊದಲ ಹೆಜ್ಜೆ. ಮಾರ್ಸೆಲಾ ಹು ಮತ್ತು ನ್ಯೂಜಿಲೆಂಡ್‌ನ ಭಾಷಾವಿಜ್ಞಾನಿ ಪಾಲ್ ನೇಷನ್ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಥೆಯೊಂದನ್ನು ಯಾರ ನೆರವೂ ಇಲ್ಲದೆ ಗ್ರಹಿಸಲು ಅದರ ಸುಮಾರು ಶೇ. 98 ಪದಗಳು ಓದುಗನಿಗೆ ತಿಳಿದಿರಬೇಕು. ಅಂದರೆ 50 ಪದಗಳಿಗೆ ಒಂದು ಹೊಸ ಪದ. ಪ್ರತಿ ಸಾಲಿಗೂ ನಿಘಂಟು ತೆರೆಯಬೇಕಾದ ಪುಸ್ತಕ ಮಗುವಿನ ಕೈಯಲ್ಲಿದ್ದರೆ ಅದು ಅಭ್ಯಾಸವಲ್ಲ, ಶಿಕ್ಷೆ.

ಎರಡನೆಯದು ಓದಿನ ಪ್ರಮಾಣ. 1980ರ ದಶಕದ ಆರಂಭದಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯ್ ಫಿಜಿ ದ್ವೀಪಗಳ ಗ್ರಾಮೀಣ ಶಾಲೆಗಳಿಗೆ ಆಕರ್ಷಕ ಇಂಗ್ಲಿಷ್ ಕಥೆಪುಸ್ತಕಗಳನ್ನು ಹೇರಳವಾಗಿ ಒದಗಿಸಿದರು. ತರಗತಿಯೊಂದಕ್ಕೆ 250 ಪುಸ್ತಕಗಳು. ಅಲ್ಲಿನ ಮಕ್ಕಳಿಗೂ ಇಂಗ್ಲಿಷ್ ಮನೆಮಾತಲ್ಲ. ಎಂಟು ತಿಂಗಳ ಬಳಿಕ ಪರೀಕ್ಷಿಸಿದಾಗ, ಆ ಮಕ್ಕಳು ಓದಿ ಗ್ರಹಿಸುವುದರಲ್ಲಿ ಮತ್ತು ಕೇಳಿ ಗ್ರಹಿಸುವುದರಲ್ಲಿ ಸಾಮಾನ್ಯಕ್ಕಿಂತ ಎರಡು ಪಟ್ಟು ವೇಗದಲ್ಲಿ ಮುಂದುವರಿದಿದ್ದರು.

ಮೂರನೆಯದು ಓದುವಾಗಿನ ಕ್ರಮ. 1984ರಲ್ಲಿ ಆನ್‌ಮರಿ ಪಲಿನ್‌ಸರ್ ಮತ್ತು ಆನ್ ಬ್ರೌನ್ ಪ್ರಚುರಪಡಿಸಿದ ವಿಧಾನದಲ್ಲಿ ನಾಲ್ಕು ಕೆಲಸಗಳಿವೆ: ಮುಂದೇನಾಗಬಹುದೆಂದು ಊಹಿಸುವುದು, ಓದಿದ ಭಾಗದ ಮೇಲೆ ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಸಾರಾಂಶ ಹೇಳುವುದು. ಮೊದಲು ಶಿಕ್ಷಕರು ಮಾಡಿ ತೋರಿಸುತ್ತಾರೆ. ಕ್ರಮೇಣ ಮಕ್ಕಳೇ ಸರದಿಯಂತೆ ಶಿಕ್ಷಕರ ಸ್ಥಾನದಲ್ಲಿ ಕೂರುತ್ತಾರೆ. ಇದಕ್ಕೆ ವಿಶೇಷ ಉಪಕರಣ ಬೇಕಿಲ್ಲ.

ಪುಸ್ತಕಗಳ ಅಭಾವವೂ ಈಗ ಮೊದಲಿನಷ್ಟಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣದಲ್ಲಿ ನಾಲ್ಕು ಹಂತಗಳಲ್ಲಿ ವಿಂಗಡಿಸಿದ ಕಥೆಗಳು ಉಚಿತವಾಗಿ ಲಭ್ಯ. ಒಂದೇ ಕಥೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಓದುವ ಅವಕಾಶ ಅಲ್ಲಿದೆ. ಮೊದಲು ಕನ್ನಡದಲ್ಲಿ ಓದಿ ಕಥೆ ತಿಳಿದುಕೊಂಡ ಮಗುವಿಗೆ ಇಂಗ್ಲಿಷ್ ಆವೃತ್ತಿಯಲ್ಲಿ ಗಮನ ಕೊಡಬೇಕಾದದ್ದು ಭಾಷೆಗೆ ಮಾತ್ರ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆದಿದೆ.

ಕನ್ನಡ ಅಡ್ಡಿಯಲ್ಲ

ಇಂಗ್ಲಿಷ್ ಸುಧಾರಿಸಲು ಮನೆಯಲ್ಲಿ ಕನ್ನಡವನ್ನು ದೂರವಿಡಬೇಕೆಂಬ ನಂಬಿಕೆ ನಗರಗಳಲ್ಲಿ ವ್ಯಾಪಕವಾಗಿದೆ. ಗ್ರಹಿಕೆಯ ಓದಿಗೆ ಬೇಕಾದ ವಿಷಯಜ್ಞಾನ, ಕಾರಣ ಹುಡುಕುವ ಬುದ್ಧಿ, ಪ್ರಶ್ನೆ ಕೇಳುವ ಅಭ್ಯಾಸ ಇವೆಲ್ಲ ಮಗುವಿನಲ್ಲಿ ಮೊದಲು ಬೆಳೆಯುವುದು ಮನೆಮಾತಿನಲ್ಲಿ. ಕನ್ನಡದಲ್ಲಿ ಕಥೆ ಕೇಳಿ, 'ಆಮೇಲೆ? ಯಾಕೆ?' ಎಂದು ಕೇಳುವ ಮಗು ಇಂಗ್ಲಿಷ್ ಪುಸ್ತಕದ ಮುಂದೆಯೂ ಅದೇ ಪ್ರಶ್ನೆಗಳೊಂದಿಗೆ ಕೂರುತ್ತದೆ.

ಆದ್ದರಿಂದ ಪಾಲಕರು ಕೇಳಬೇಕಾದ ಪ್ರಶ್ನೆಯೇ ಬದಲಾಗಬೇಕಿದೆ. 'ಇವತ್ತು ಎಷ್ಟು ಪುಟ ಓದಿದೆ?' ಎಂಬುದರ ಬದಲು 'ಓದಿದ್ದರಲ್ಲಿ ಏನಿತ್ತು?' ಎಂದು ಕೇಳಿದರೆ, ಮಗುವಿನ ಉತ್ತರವೇ ಮುಂದಿನ ದಾರಿಯನ್ನು ತೋರಿಸುತ್ತದೆ.