ಆಂಜೈನಾ: ಲಕ್ಷಣ, ಕಾರಣ, ಚಿಕಿತ್ಸೆಗಳ ಬೇರೆ ಬೇರೆ ಚರಿತ್ರೆ

1768ರ ಜುಲೈ 21ರಂದು ವಿಲಿಯಂ ಹೆಬರ್ಡನ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಎದೆನೋವಿನ ಬಗ್ಗೆ ಪ್ರಬಂಧವೊಂದನ್ನು ಓದಿದರು. ನಡೆಯುವಾಗ, ಅದರಲ್ಲೂ ಉಂಡ ಮೇಲೆ ಏರು ಹತ್ತುವಾಗ, ಈ ನೋವು ಎದೆಯನ್ನು ಹಿಡಿದುಬಿಡುತ್ತದೆ, ಇನ್ನೂ ಮುಂದೆ ನಡೆದರೆ ಪ್ರಾಣವೇ ಹೋದೀತೆನಿಸುತ್ತದೆ, ನಿಂತೊಡನೆ ಮಾಯವಾಗುತ್ತದೆ. 1772ರಲ್ಲಿ ಅಚ್ಚಾದ ಆ ಬರಹವೇ ಇದಕ್ಕೆ ‘ಆಂಜೈನಾ ಪೆಕ್ಟೋರಿಸ್’ ಎಂಬ ಹೆಸರು ಕೊಟ್ಟಿತು. ಸ್ಟೆತೊಸ್ಕೋಪ್ ಬರಲು ಇನ್ನೂ ನಾಲ್ಕು ದಶಕ ಬೇಕಿತ್ತು. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳಿದ್ದೇ ಹೆಬರ್ಡನ್ನರ ದೊಡ್ಡ ಪರೀಕ್ಷೆ. ಯಾವಾಗ ಬರುತ್ತದೆ, ಎಲ್ಲಿಗೆ ಹರಡುತ್ತದೆ, ನಿಂತರೆ ಹೋಗುತ್ತದೆಯೇ ಎಂದು ಇಂದಿನ ಹೃದ್ರೋಗತಜ್ಞರು ಕೇಳುವ ಪ್ರಶ್ನೆಗಳ ಮೂಲ ಅಲ್ಲಿದೆ.

ಆದರೆ ಕಾರಣ ಹೆಬರ್ಡನ್ನರಿಗೆ ಸಿಗಲಿಲ್ಲ. ಪ್ರಬಂಧದ ಸಾರವನ್ನು ಪತ್ರಿಕೆಯಲ್ಲಿ ಓದಿದ ಒಬ್ಬರು ಹೆಸರು ಹೇಳದೆ ಹೆಬರ್ಡನ್ನರಿಗೆ ಕಾಗದ ಬರೆದರು. ತಮಗೂ ಇದೇ ನೋವಿದೆ, ಹಠಾತ್ತನೆ ಸತ್ತರೆ ದೇಹವನ್ನು ಕೊಯ್ದು ನೋಡಿ ಎಂದು ಅನುಮತಿ ಕೊಟ್ಟರು. ಮೂರು ವಾರದೊಳಗೆ ಅವರು ತೀರಿಕೊಂಡರು. ಶವಪರೀಕ್ಷೆ ಮಾಡಿದವರು ಆ ಕಾಲದ ಅಗ್ರಗಣ್ಯ ಅಂಗರಚನಾ ತಜ್ಞ ಜಾನ್ ಹಂಟರ್. ಶಿಷ್ಯ ಎಡ್ವರ್ಡ್ ಜೆನ್ನರ್ ಜೊತೆಗಿದ್ದರು. ನೋವಿಗೆ ತಕ್ಕ ದೋಷ ಕಾಣಲಿಲ್ಲ, ಏಕೆಂದರೆ ಹೃದಯಕ್ಕೇ ರಕ್ತ ಒದಗಿಸುವ ಕೊರೊನರಿ ನಾಳಗಳನ್ನು ಅವರು ಬಿಡಿಸಿ ನೋಡಲೇ ಇಲ್ಲ. ಸಾಯಲಿದ್ದವನೊಬ್ಬ ಮುಂದಾಗಿ ಒಪ್ಪಿಸಿದ ಸಾಕ್ಷ್ಯ ಹೀಗೆ ಕೈತಪ್ಪಿತು.

ಮುಂದೆ ಮತ್ತೊಂದು ಶವದ ಹೃದಯವನ್ನು ಕೊಯ್ಯುವಾಗ ಜೆನ್ನರರ ಚಾಕು ಗರಗರ ಎಂದು ಗಟ್ಟಿ ವಸ್ತುವಿಗೆ ತಗುಲಿತು. ಹಳೆಯ ಚಾವಣಿಯ ಗಾರೆ ಉದುರಿರಬೇಕೆಂದು ಅವರು ತಲೆಯೆತ್ತಿ ನೋಡಿದರು. ಗಾರೆ ಬಿದ್ದಿರಲಿಲ್ಲ; ಕೊರೊನರಿ ನಾಳಗಳೇ ಮೂಳೆಯಂತೆ ಗಡುಸಾಗಿದ್ದವು. ಇದನ್ನು ಅವರು ಪ್ರಕಟಿಸಲಿಲ್ಲ. ಅಷ್ಟು ಹೊತ್ತಿಗೆ ಗುರು ಹಂಟರರಿಗೇ ಆಂಜೈನಾ ಇತ್ತು. ಕಾರಣ ತಿಳಿದರೆ ಅವರು ಎದೆಗುಂದಿಯಾರೆಂಬ ಅಳುಕು. ವಿಜ್ಞಾನಕ್ಕೆ ಅದರಿಂದ ವಿಳಂಬವಾಯಿತು ನಿಜ, ಆದರೂ ಆ ಮೌನವನ್ನು ದೂರಲು ನನಗೆ ಮನಸ್ಸು ಬಾರದು. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ವಾಗ್ವಾದವಾಗಿ ಹಂಟರ್ ಕುಸಿದು ಸತ್ತರು. ಅವರ ಕೊರೊನರಿಗಳೂ ಗಡುಸಾಗಿದ್ದವು. ಜೆನ್ನರರ ಗೆಳೆಯ ಕೇಲಬ್ ಪ್ಯಾರಿ 1799ರಲ್ಲಿ ಈ ಸಂಬಂಧವನ್ನು ಪುಸ್ತಕವಾಗಿ ಹೊರತಂದರು. 1809ರಲ್ಲಿ ಗ್ಲಾಸ್ಗೊದ ಅಲನ್ ಬರ್ನ್ಸ್ ಅದಕ್ಕೆ ತರ್ಕ ಕೊಟ್ಟರು: ಬಿಗಿಯಾಗಿ ಕಟ್ಟಿದ ಕೈಕಾಲು ದುಡಿದರೆ ಬೇಗ ಸೋಲುವಂತೆ, ರಕ್ತ ಸಾಲದ ಹೃದಯವೂ ಶ್ರಮ ತಾಳದು.

ಮದ್ದು ಬಂದದ್ದು ಈ ತರ್ಕದಿಂದಲ್ಲ. 1867ರಲ್ಲಿ ಎಡಿನ್‌ಬರೋದ ಯುವ ವೈದ್ಯ ಲಾಡರ್ ಬ್ರಂಟನ್, ನೋವು ಬಂದಾಗ ರೋಗಿಯ ನಾಡಿಯಲ್ಲಿ ಒತ್ತಡ ಏರುವುದನ್ನು ಗಮನಿಸಿದರು. ಒತ್ತಡ ಇಳಿಸುವುದೆಂದು ಗೊತ್ತಿದ್ದ ಅಮೈಲ್ ನೈಟ್ರೈಟನ್ನು ಬಟ್ಟೆಗೆ ಹನಿಸಿ ಮೂಸಲು ಕೊಟ್ಟರು. ಒಂದು ನಿಮಿಷದೊಳಗೆ ನೋವು ಹೋಯಿತು. 1879ರಲ್ಲಿ ವಿಲಿಯಂ ಮರೆಲ್, ಡೈನಮೈಟಿನ ಸ್ಫೋಟಕವಾದ ನೈಟ್ರೊಗ್ಲಿಸರಿನ್ನಿನ ತೆಳು ದ್ರಾವಣವನ್ನು ಮೊದಲು ತಾವೇ ನೆಕ್ಕಿ ನೋಡಿ, ಬಳಿಕ ರೋಗಿಗಳಿಗೆ ಕೊಟ್ಟರು. ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್ಲರಿಗೇ ಕೊನೆಗಾಲದಲ್ಲಿ ವೈದ್ಯರು ಇದನ್ನು ಬರೆದುಕೊಟ್ಟಿದ್ದರು. ನಮ್ಮ ಮನೆಗಳ ಹಿರಿಯರು ಜೇಬಿನಲ್ಲಿಟ್ಟುಕೊಳ್ಳುವ, ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಗುಳಿಗೆ ಇದೇ ವಂಶದ್ದು. ಈ ಮದ್ದುಗಳು ನೈಟ್ರಿಕ್ ಆಕ್ಸೈಡ್ ಮೂಲಕ ರಕ್ತನಾಳಗಳನ್ನು ಸಡಿಲಿಸುತ್ತವೆ ಎಂಬುದರ ಸುಳಿವು ಸಿಕ್ಕಿದ್ದು 1977ರಲ್ಲಿ, ಬಳಕೆಗೆ ಬಂದು ಸುಮಾರು ಶತಮಾನದ ಮೇಲೆ.

ಅನಂತರದ ಹಾದಿ ಚುರುಕು. 1958ರಲ್ಲಿ ಕ್ಲೀವ್‌ಲ್ಯಾಂಡಿನ ಮೇಸನ್ ಸೋನ್ಸ್ ಬದುಕಿರುವವರ ಕೊರೊನರಿಗಳನ್ನು ಎಕ್ಸ್‌ರೇ ಚಿತ್ರದಲ್ಲಿ ತೋರಿಸಿದರು. ಜೇಮ್ಸ್ ಬ್ಲ್ಯಾಕ್ ಹೃದಯದ ಆಮ್ಲಜನಕದ ಬೇಡಿಕೆಯನ್ನೇ ತಗ್ಗಿಸುವ ಪ್ರೊಪ್ರನಲಾಲ್ ರೂಪಿಸಿದರು. 1967ರಲ್ಲಿ ಫಾವಲೊರೊ ಅವರ ಬೈಪಾಸ್ ಶಸ್ತ್ರಚಿಕಿತ್ಸೆ, 1977ರಲ್ಲಿ ಜ್ಯೂರಿಕ್‌ನಲ್ಲಿ ಕಿರಿದಾದ ನಾಳವನ್ನು ಒಳಗಿನಿಂದ ಅಗಲಿಸುವ ಗ್ರುಂಟ್ಸಿಗ್ ಅವರ ಬಲೂನು ಬಂದವು.

ಕಿರಿದಾದ ನಾಳವನ್ನು ಅಗಲಿಸಿದರೆ ನೋವು ಹೋಗಲೇಬೇಕೆಂಬ ನಂಬಿಕೆ ಆಮೇಲೆ ಬೇರೂರಿತು. 2017ರ ‘ಆರ್ಬಿಟಾ’ ಅಧ್ಯಯನ ಅದನ್ನು ಅಲುಗಾಡಿಸಿತು. ಸ್ಥಿರ ಆಂಜೈನಾ ಇದ್ದು ಚೆನ್ನಾಗಿ ಔಷಧ ಪಡೆಯುತ್ತಿದ್ದವರಲ್ಲಿ ಕೆಲವರಿಗೆ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆಯಾದ ಸ್ಟೆಂಟ್ ಹಾಕಿ, ಉಳಿದವರಿಗೆ ಹಾಕಿದಂತೆ ತೋರಿಸಲಾಯಿತು. ವ್ಯಾಯಾಮ ಮಾಡುವ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಂಜೈನಾದ ಔಷಧಗಳನ್ನು ನಿಲ್ಲಿಸಿ ನಡೆಸಿದ 2023ರ ಎರಡನೆಯ ಅಧ್ಯಯನದಲ್ಲಿ ಸ್ಟೆಂಟ್ ಪಡೆದವರಿಗೆ ನೋವು ಸ್ಪಷ್ಟವಾಗಿ ಕಡಿಮೆಯಾಯಿತು, ಆದರೆ ಹಲವರಲ್ಲಿ ಪೂರ್ತಿ ಹೋಗಲಿಲ್ಲ. ಅಲ್ಲಿ ಅಳತೆಗೋಲಾದದ್ದು ರೋಗಿಗಳೇ ತಮ್ಮ ಫೋನಿನಲ್ಲಿ ದಿನದಿನವೂ ದಾಖಲಿಸಿದ ನೋವಿನ ಲೆಕ್ಕ.