ಬಾಕಿ ಪಿಂಚಣಿಯ ರೂಪಾಯಿ: ತುಟ್ಟಿ ಪರಿಹಾರದ ಅಳತೆಯಲ್ಲಿ ಒಂದು ಮರುಪರಿಶೀಲನೆ

ಮಾಜಿ ಸೈನಿಕರ ಸಮಾನ ಶ್ರೇಣಿ–ಸಮಾನ ಪಿಂಚಣಿ ಯೋಜನೆಯ ಚರಿತ್ರೆಯಲ್ಲಿ ಹೆಚ್ಚು ತಕರಾರಿಲ್ಲ. 2011ರ ಕೋಶಿಯಾರಿ ಸಮಿತಿ ಅದನ್ನು ವ್ಯಾಖ್ಯಾನಿಸಿತು. 2015ರ ನವೆಂಬರ್ 7ರ ಸರ್ಕಾರಿ ಪತ್ರ ಜಾರಿಗೆ ತಂದಿತು. ಸುಪ್ರೀಂ ಕೋರ್ಟ್ 2022ರ ಮಾರ್ಚ್ 16ರಂದು ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯ ಸೂತ್ರವನ್ನು ಎತ್ತಿಹಿಡಿದು, 2019ರ ಜುಲೈ 1ರಿಂದಾಚೆಗಿನ ಬಾಕಿಯನ್ನು ಮೂರು ತಿಂಗಳಲ್ಲಿ ಕೊಡಲು ಹೇಳಿತು. ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ಆ ವರ್ಷದ ಡಿಸೆಂಬರ್‌ನಲ್ಲಿ. 2022ರ ಜೂನ್‌ವರೆಗಿನ ಬಾಕಿ ಸುಮಾರು ₹23,638 ಕೋಟಿ.

ತಕರಾರು ಮುಂದಿನದು. ಬಾಕಿಗೆ ತುಟ್ಟಿ ಪರಿಹಾರವೂ ಸೇರಿರುವುದರಿಂದ ಬೆಲೆಯೇರಿಕೆಯ ಲೆಕ್ಕ ಚುಕ್ತಾ ಆಯಿತು, ತಡವಾದದ್ದು ಬರೀ ಆಡಳಿತದ ವಿಳಂಬ ಎಂಬ ವಾದ ಸಾಮಾನ್ಯವಾಗಿ ಕೇಳಿಬರುತ್ತದೆ. ಇದನ್ನು ಒಪ್ಪಲಾಗದು. ಸೇರಿಸಿದ್ದು ಹಣ ಸಲ್ಲಬೇಕಾಗಿದ್ದ ತಿಂಗಳ ದರ, ಕೈಸೇರಿದ ತಿಂಗಳದ್ದಲ್ಲ. ಪರಿಷ್ಕರಣೆಯಿಂದಾದ ಮೂಲ ಪಿಂಚಣಿಯ ವ್ಯತ್ಯಾಸ ₹1,000 ಇದ್ದರೆ, 2019ರ ಜುಲೈನ ಬಾಕಿ ಶೇ 17ರ ದರದಲ್ಲಿ ₹1,170. 2024ರ ಜನವರಿಯಿಂದ ದರ ಶೇ 50 ಆಯಿತು. ಬಾಕಿಯ ಕೊನೆಯ ಕಂತು ಆ ಫೆಬ್ರುವರಿಯದು; ಅದರಲ್ಲಿ ಬಂದ ₹1,170ನ್ನು ₹1,500ರ ಎದುರಿಗಿಟ್ಟರೆ, ಸರ್ಕಾರದ್ದೇ ಅಳತೆಗೋಲಿನಲ್ಲಿ ರೂಪಾಯಿಗೆ ಉಳಿದದ್ದು 78 ಪೈಸೆ.

2023ರ ಮಾರ್ಚ್ 20ರಂದು ಕೋರ್ಟ್ ನಿಗದಿಪಡಿಸಿದ ಗಡುವುಗಳು ಈ ನಷ್ಟವನ್ನೂ ಶ್ರೇಣೀಕರಿಸಿದವು. ಕುಟುಂಬ ಪಿಂಚಣಿದಾರರು ಮತ್ತು ಶೌರ್ಯ ಪದಕ ಪಡೆದವರಿಗೆ ಏಪ್ರಿಲ್ 30, ಎಪ್ಪತ್ತು ದಾಟಿದವರಿಗೆ ಜೂನ್ 30; ಉಳಿದವರಿಗೆ ಆಗಸ್ಟ್, ನವೆಂಬರ್, ಫೆಬ್ರುವರಿಯ ಮೂರು ಸಮ ಕಂತು. ಆ ಏಪ್ರಿಲ್‌ನಲ್ಲಿ ದರ ಶೇ 42. ಅಂದರೆ ಹುಬ್ಬಳ್ಳಿಯ ನವನಗರದ ಒಂದೇ ಓಣಿಯಲ್ಲಿ ಯೋಧನ ವಿಧವೆಗೆ ಆ ಜುಲೈನ ಒಂದು ರೂಪಾಯಿ 82 ಪೈಸೆಯಾಗಿ ಬಂದರೆ, ಪಕ್ಕದ ಮನೆಯ ಅರವತ್ತರ ಹವಾಲ್ದಾರರ ಕೊನೆಯ ಕಂತಿನಲ್ಲಿ 78 ಪೈಸೆ. ವಯಸ್ಸು ನೋಡಿ ಆದ್ಯತೆ ಕೊಟ್ಟದ್ದು ಸರಿಯೇ. ಬಡ್ಡಿ ಸೇರಿಸದೆ ಕಂತು ಎಳೆದದ್ದು ಸರಿ ಎನ್ನಲು ಅದು ಆಧಾರವಾಗದು.

ಆದರೂ 78 ಪೈಸೆಯನ್ನು ಇಡೀ ಬಾಕಿಯ ಸರಾಸರಿ ಎಂದು ಓದಬಾರದು. ಅದು ಅತಿ ಹಳೆಯ ತಿಂಗಳಿಗೂ ಅತಿ ತಡದ ಕಂತಿಗೂ ಸಂಬಂಧಿಸಿದ್ದು. 2022ರ ಜೂನ್‌ನ ಬಾಕಿಗೆ, ಅಂದಿನ ಶೇ 34ರ ದರ ಹಿಡಿದರೆ, 89 ಪೈಸೆ ಉಳಿಯುತ್ತದೆ. ನಷ್ಟವೂ ವ್ಯತ್ಯಾಸದ ಮೊತ್ತಕ್ಕಷ್ಟೇ, ಪೂರ್ಣ ಪಿಂಚಣಿಗಲ್ಲ. ದರ ಹನ್ನೆರಡು ತಿಂಗಳ ಸರಾಸರಿ ಸೂಚ್ಯಂಕದ ಮೇಲೆ ನಿಂತಿರುವುದರಿಂದ ಬೆಲೆಗಿಂತ ಸ್ವಲ್ಪ ಹಿಂದೆಯೇ ಇರುತ್ತದೆ. ಕೋವಿಡ್ ಕಾಲದಲ್ಲಿ ಒಂದೂವರೆ ವರ್ಷ ದರವನ್ನೇ ತಡೆಹಿಡಿದದ್ದು ಬೇರೆ ಲೆಕ್ಕ, ಅದನ್ನಿಲ್ಲಿ ಸೇರಿಸಿಲ್ಲ.

ಇನ್ನೊಂದು ತೊಡಕು ಸ್ಥಳೀಯ. ತುಟ್ಟಿ ಪರಿಹಾರಕ್ಕೆ ಆಧಾರ ಕೈಗಾರಿಕಾ ಕಾರ್ಮಿಕರ ಅಖಿಲ ಭಾರತ ಸೂಚ್ಯಂಕ. ಕಾರ್ಮಿಕ ಬ್ಯೂರೋ ಬೆಲೆ ಸಂಗ್ರಹಿಸುವ ಕೇಂದ್ರಗಳಲ್ಲಿ ಹುಬ್ಬಳ್ಳಿ–ಧಾರವಾಡವೂ ಒಂದು. ಅಮರಗೋಳದ ಎಪಿಎಂಸಿ ಮಗ್ಗುಲಲ್ಲೇ ಇರುವುದರಿಂದ ನವನಗರದಲ್ಲಿ ಕಾಳುಕಡಿ ಅಗ್ಗ ಎಂದು ಊಹಿಸಬಹುದು. ಆದರೆ ಮನೆ ಬಾಡಿಗೆಗೆ ಆ ಊಹೆ ಒದಗದು. ಸ್ಥಳೀಯ ಸೂಚ್ಯಂಕದಿಂದ ಲೆಕ್ಕ ಮಾಡಿದರೆ 78 ಪೈಸೆ ಮೇಲೇರೀತೋ ಕೆಳಗಿಳಿದೀತೋ, ಕಾರ್ಮಿಕ ಕುಟುಂಬದ ಖರ್ಚಿನ ಪಟ್ಟಿ ನಿವೃತ್ತ ಯೋಧನ ಮನೆಗೆ ಎಷ್ಟು ಹೊಂದೀತು ಎಂಬವೆರಡೂ ಇನ್ನೂ ಪರಿಶೀಲಿಸಬೇಕಾದ ಪ್ರಶ್ನೆಗಳು.